ಶಾಲೆಯಲ್ಲಿ ಮಕ್ಕಳ ತೂಕ: ಬೇರೆ ಬ್ಯಾಚ್ ಮಾಡಬೇಕಾ?

ಕೇಳಿದವರು, ಉಡುಪಿಯ ಆರನೇ ಕ್ಲಾಸಿನ ಟೀಚರ್: ತರಗತಿಯಲ್ಲಿ ತೂಕ ಜಾಸ್ತಿ ಇರುವ ನಾಲ್ಕೈದು ಮಕ್ಕಳಿದ್ದಾರೆ. ಅವರಿಗೇ ಬೇರೆ ವ್ಯಾಯಾಮದ ಬ್ಯಾಚ್ ಮಾಡಿ ಅನ್ನುತ್ತಿದೆ ಆಡಳಿತ ಮಂಡಳಿ. ಆಟದ ಪೀರಿಯಡ್ ಬಂತೆಂದರೆ ಒಬ್ಬ ಹುಡುಗಿಗೆ ಹೊಟ್ಟೆನೋವು. ಅನುಭವ ಇದ್ದವರು ಹೇಳಿ.

ಶಾಲಾ ನರ್ಸ್, ಮಂಗಳೂರು: ಬೇರೆ ಬ್ಯಾಚ್ ಖಂಡಿತ ಬೇಡ. ಮರುದಿನವೇ ಅದಕ್ಕೊಂದು ಅಡ್ಡಹೆಸರು ಬೀಳುತ್ತದೆ. ಮೊದಲು ತೂಕ ನೋಡುವ ಕ್ರಮ ಸರಿಮಾಡಿ. ಒಬ್ಬರು ನೋಡಿ ಕೂಗುವುದು, ಇನ್ನೊಬ್ಬರು ಬರೆಯುವುದು, ಸಾಲಲ್ಲಿ ನಿಂತವರೆಲ್ಲ ಕೇಳುವುದು: ಕೆಡುವುದೇ ಇಲ್ಲಿ. ಒಬ್ಬೊಬ್ಬರನ್ನೇ ಒಳಗೆ ಕರೆಯಿರಿ, ಅಳೆದವರೇ ಬರೆದುಕೊಳ್ಳಿ. ಶೂ, ಬೆಲ್ಟ್ ತೆಗೆಸಿ. ನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದರೆ ಬಿಚ್ಚಿಸಿ, ಇಲ್ಲದಿದ್ದರೆ ಎತ್ತರ ತಪ್ಪುತ್ತದೆ, ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ನೋಡುವ ಲೆಕ್ಕ) ಕಡಿಮೆ ಬರುತ್ತದೆ.

ಬಿಎಂಐ 25 ಆದರೆ ತೂಕ ಜಾಸ್ತಿ ಎನ್ನುವ ದೊಡ್ಡವರ ಗೆರೆ ಮಕ್ಕಳಿಗೆ ನಡೆಯುವುದಿಲ್ಲ. ಭಾರತದ ಮಕ್ಕಳ ಡಾಕ್ಟರುಗಳ ಸಂಘ ಐಎಪಿಯ 2015ರ ಚಾರ್ಟಿನಲ್ಲಿ ಹುಡುಗ, ಹುಡುಗಿಯರಿಗೆ ಬೇರೆ ಬೇರೆಯಾಗಿ, ವಯಸ್ಸಿಗೆ ಸರಿಯಾಗಿ ನೋಡಬೇಕು. ಬೆಳೆಯುವ ಮಗುವಿಗೆ ಹೆಚ್ಚಿನ ಸಲ ತೂಕ ಇಳಿಸುವ ಗುರಿಯೇ ಬೇಕಿಲ್ಲ. 145 ಸೆಂ.ಮೀ., 50 ಕೆ.ಜಿ. ಇದ್ದರೆ ಬಿಎಂಐ 23.8. ಅದೇ ತೂಕದಲ್ಲಿ 155ಕ್ಕೆ ಬೆಳೆದರೆ 20.8.

ಕುತ್ತಿಗೆಯ ಹಿಂದೆ ವೆಲ್ವೆಟ್ಟಿನ ಹಾಗೆ ದಪ್ಪಗಿನ ಕಪ್ಪು ಪಟ್ಟಿ ಕಂಡರೆ ಅದು ಕೊಳೆಯಲ್ಲ, ತಿಕ್ಕಿದರೆ ಹೋಗದು. ಸಾಮಾನ್ಯವಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು. ಹೆತ್ತವರಿಗೆ ಮಾತ್ರ ತಿಳಿಸಿ, ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿ. “ಸ್ನಾನ ಮಾಡಿಲ್ವಾ” ಎಂದು ಯಾರೂ ಕೇಳಬಾರದು.

ಪಿ.ಟಿ. ಮಾಸ್ಟರ್, ಕುಂದಾಪುರ ಕಡೆ: ಹೊಟ್ಟೆನೋವಿಗೆ ಮೊದಲು ಟ್ರ್ಯಾಕ್ ಪ್ಯಾಂಟ್ ನೋಡಿ, ಬಟ್ಟೆ ಬದಲಿಸುವ ಜಾಗ ನೋಡಿ. ಸೊಂಟದ ಎಲಾಸ್ಟಿಕ್ ಬಿಗಿಯಾಗಿ ಗೆರೆ ಬೀಳುವಂತಿದ್ದರೆ, ಟೀ ಶರ್ಟ್ ಮೇಲೇರುತ್ತಿದ್ದರೆ ಯಾವ ಹುಡುಗಿಯೂ ಓಡಲ್ಲ. ದೊಡ್ಡ ಸೈಜುಗಳನ್ನು ವರ್ಷದ ಆರಂಭದಲ್ಲೇ ತರಿಸಿಡಿ.

ಔಟ್ ಆದವರು ಕೂರುವ ಆಟ ಬಿಡಿ. ಓಡಲು ಕಷ್ಟಪಡುವ ಮಗುವೇ ಮೊದಲು ಔಟ್ ಆಗಿ, ಇಡೀ ಪೀರಿಯಡ್ ಕೂತಿರುತ್ತದೆ. ಔಟ್ ಆದವರು ಇನ್ನೊಂದು ತಂಡಕ್ಕೆ ಸೇರುವಂತೆ ನಿಯಮ ಬದಲಿಸಿ. ಶಿಕ್ಷೆಗೆಂದು ರೌಂಡ್ ಹೊಡೆಸಲೇಬೇಡಿ. ದಿನಕ್ಕೆ 60 ನಿಮಿಷ ಚಟುವಟಿಕೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕಡೆ ಮಳೆಗಾಲದಲ್ಲಿ ಗ್ರೌಂಡ್ ಸಿಗದು, ಹಾಲ್‌ನಲ್ಲಿ ಯಕ್ಷಗಾನದ ಹೆಜ್ಜೆ ಕಲಿಸಿ. ಹತ್ತು ನಿಮಿಷಕ್ಕೇ ಬೆವರು ಇಳಿಯುತ್ತದೆ. ಆದರೆ ದಪ್ಪಗಿನ ಮಗುವಿಗೆ ಪ್ರತಿ ಸಲ ರಾಕ್ಷಸನ ವೇಷವನ್ನೇ ಕೊಡಬೇಡಿ, ಅದು ಅರ್ಥವಾಗದ ಮಗು ಇಲ್ಲ.

ಡಯೆಟಿಷಿಯನ್, ಮಣಿಪಾಲ: ಮೇಲಿನ ಇಬ್ಬರ ಮಾತಿಗೂ ನನ್ನ ಒಪ್ಪಿಗೆ. ಊಟದಲ್ಲೂ ಬದಲಾವಣೆ ಎಲ್ಲರಿಗೂ ಇರಲಿ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವುದನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಾರಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮವಿದೆ, ಆಡಳಿತ ಮಂಡಳಿಗೆ ಅದನ್ನೇ ತೋರಿಸಿ. ಕ್ಯಾಂಟೀನಿನಲ್ಲಿ ಗೋಳಿಬಜೆ, ಬನ್ಸ್‌ನಂಥ ಕರಿದ ತಿಂಡಿ ದಿನಾ ಬೇಡ. ಪುಂಡಿ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ), ಕಡಲೆ ಉಸ್ಲಿ, ಹೆಸರುಕಾಳು ಬರಲಿ. 200 ಮಿ.ಲೀ. ಕೋಲಾದಲ್ಲಿ ಸುಮಾರು 20 ಗ್ರಾಂ ಸಕ್ಕರೆ, ಅದರ ಬದಲು ನೀರುಮಜ್ಜಿಗೆ.

ಎಲ್ಲರೆದುರು ಟಿಫಿನ್ ಡಬ್ಬಿ ತೆರೆಸಿ ನೋಡಬೇಡಿ. ಡಬ್ಬಿ ಮುಟ್ಟದೆ ವಾಪಸ್ ಒಯ್ಯುವುದು, ತಿಂದ ಕೂಡಲೇ ಬಾತ್‌ರೂಮಿಗೆ ಓಡುವುದು, ತೂಕ ತಟ್ಟನೆ ಇಳಿಯುವುದು ಕಂಡರೆ ಹೊಗಳಬೇಡಿ. ಆ ವಾರವೇ ಹೆತ್ತವರನ್ನು ಕರೆಸಿ, ಕೌನ್ಸೆಲರ್ ಮತ್ತು ಡಾಕ್ಟರ್ ಇಬ್ಬರಿಗೂ ತೋರಿಸಿ.