ಸೌತ್ ನಾಟ್ಸ್ ಹುಸಾರ್ಸ್: ಕುದುರೆ ಬಿಟ್ಟು ಫಿರಂಗಿಗೆ ಹೋಗಿದ್ದು ನಷ್ಟವೇ?

ಲಾಯದಾಳು: ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಈ ಸ್ವಯಂಸೇವಕ ಅಶ್ವದಳ (ಯೋಮನ್ರಿ) 1794ರದ್ದು. 1922ರಲ್ಲಿ ಫಿರಂಗಿ ಬ್ರಿಗೇಡ್ ಮಾಡಿಬಿಟ್ಟರು. ಹಿರಿತನದ ಪಟ್ಟಿಯ ಮೊದಲ 14 ಯೋಮನ್ರಿಗಳಿಗಷ್ಟೇ ಕುದುರೆ ಉಳಿಯಿತು, ಇವರದು 15ನೇ ಸ್ಥಾನ! ಅದೇ ಸೀಮೆಯ ಶೆರ್ವುಡ್ ರೇಂಜರ್ಸ್ 4ನೆಯವರು, ಬಚಾವಾದರು. ಇದು ಅನ್ಯಾಯವಲ್ಲದೆ ಇನ್ನೇನು?

ಬತ್ತಿಗಾರ: ಕುದುರೆ ಎಲ್ಲಿ ಹೋಯ್ತು ಸ್ವಾಮಿ? ಆಗಿನ 18-ಪೌಂಡರ್ ಫಿರಂಗಿ ಎಳೆಯುತ್ತಿದ್ದದ್ದೇ ಆರು ಕುದುರೆ. ಮೂರು ಜೋಡಿ, ಪ್ರತಿ ಜೋಡಿಯ ಎಡಗುದುರೆಯ ಮೇಲೊಬ್ಬ ಸವಾರ. ಹಾಗಂತ ಬರೀ ಸವಾರಿ ಬಂದರೆ ಸಾಲದು. ಮೂರೂ ಜೋಡಿ ಒಟ್ಟಿಗೆ ಎಳೆಯದಿದ್ದರೆ ತಿರುವಿನಲ್ಲಿ ಎಳೆಹಗ್ಗ ಸಡಿಲಾಗಿ ಕಾಲಿಗೆ ಸಿಕ್ಕುತ್ತೆ. ಇಳಿಜಾರಿನಲ್ಲಿ ಭಾರ ತಡೆಯೋದು ಹಿಂದಿನ ಜೋಡಿ. ನಿಜಕ್ಕೂ ಹೊಸದಾಗಿ ಕಲಿಯಬೇಕಾಗಿದ್ದು ಕಣ್ಣಿಗೆ ಕಾಣದ ಗುರಿಗೆ ಕೋನ, ದೂರ ಲೆಕ್ಕ ಹಾಕಿ ಹೊಡೆಯೋದು.

ಮರಳುದಿಬ್ಬ: ಶೆರ್ವುಡ್‌ನವರ ಕಥೆ ಅರ್ಧಕ್ಕೇ ನಿಲ್ಲಿಸಿದಿರಲ್ಲ, ಲಾಯದಾಳು ಅವರೇ. ಕುದುರೆ ಸಮೇತ ಪ್ಯಾಲೆಸ್ಟೈನ್‌ಗೆ ಹೋದವರು 1941ರಲ್ಲಿ ಲಿಬಿಯಾದ ಟೊಬ್ರುಕ್‌ನಲ್ಲೂ ಕ್ರೀಟ್‌ನಲ್ಲೂ ಕರಾವಳಿ ಫಿರಂಗಿ ನಡೆಸಿದರು! ಟ್ಯಾಂಕು ಸಿಕ್ಕಿದ್ದು ಆಮೇಲೆ. ಅಷ್ಟರಲ್ಲಿ ಸೌತ್ ನಾಟ್ಸ್‌ನವರು 107ನೇ ರಾಯಲ್ ಹಾರ್ಸ್ ಆರ್ಟಿಲರಿ ಎಂಬ ಹೆಸರಲ್ಲಿ ಅದೇ ಟೊಬ್ರುಕ್ ಮುತ್ತಿಗೆಯಲ್ಲಿ 25-ಪೌಂಡರ್ ಹಾರಿಸುತ್ತಿದ್ದರು.

ಲಾಯದಾಳು: ಸರಿ, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆದರೆ 1942ರ ಜೂನ್ 6ರಂದು ಲಿಬಿಯಾದ ಗಜಾಲಾ ಕಾಳಗದಲ್ಲಿ, ಕಾಲ್ಡ್ರನ್ ಎಂಬ ಜಾಗದಲ್ಲಿ ಇಡೀ ರೆಜಿಮೆಂಟೇ ಹೋಯಿತಲ್ಲ? ಕಮಾಂಡರ್ ಸೀಲಿ ಕೂಡ ಅಲ್ಲೇ ಸತ್ತರು.

ಬತ್ತಿಗಾರ: ಅದಕ್ಕೆ 1922ರ ನಿರ್ಧಾರವನ್ನು ದೂರಬೇಡಿ. ಜೂನ್ 5ರ ಮುಂಜಾನೆ ಬ್ರಿಟಿಷರು ದಾಳಿಗೆ ಮುನ್ನ ಸಿಡಿಸಿದ ಗುಂಡೆಲ್ಲ ಖಾಲಿ ಜಾಗಕ್ಕೆ ಬಿತ್ತು, ಶತ್ರು ಇದ್ದದ್ದು ಇನ್ನೂ ಪಶ್ಚಿಮಕ್ಕೆ. ಬ್ರಿಟಿಷ್ ಟ್ಯಾಂಕುಗಳು ಹಿಂದೆ ಸರಿದವು. ಭಾರತದ 10ನೇ ಪದಾತಿ ಬ್ರಿಗೇಡೂ ನಾಲ್ಕು ಫಿರಂಗಿ ರೆಜಿಮೆಂಟುಗಳೂ ಕಾವಲಿಲ್ಲದೆ ಕಾಲ್ಡ್ರನ್ ಒಳಗೇ ಉಳಿದವು.

ಗುಂಡುಪೆಟ್ಟಿಗೆ: 25-ಪೌಂಡರ್‌ನ ಇತಿಮಿತಿಯನ್ನೂ ಸೇರಿಸಿಕೊಳ್ಳಿ. ಸೂಪರ್ ಚಾರ್ಜ್ ಎಂಬ ಹೆಚ್ಚಿನ ಮದ್ದು ಹಾಕಿದರೆ ಸ್ಫೋಟಕ ಶೆಲ್ 13,400 ಗಜ ಹೋಗುತ್ತೆ. ಟ್ಯಾಂಕ್ ಎದುರು ಬಂದಾಗ ಮಾತ್ರ 20 ಪೌಂಡಿನ ಗಟ್ಟಿ ಗುಂಡು ಹಾಕಿ, ಹತ್ತಿರ ಬರುವವರೆಗೆ ಕಾದು, ನೇರ ಗುರಿಯಿಟ್ಟು ಹೊಡೆಯಬೇಕು. ತಿರುಗುವ ವೇದಿಕೆ ಇದ್ದುದರಿಂದ ಸುತ್ತಲೂ ಬೇಗ ತಿರುಗಿಸಬಹುದಿತ್ತು. ಆದರೆ ಕಲ್ಲುನೆಲದಲ್ಲಿ ಗುಂಡಿ ತೋಡಲಾಗದೆ ಬಯಲಲ್ಲಿ ನಿಂತ ಫಿರಂಗಿ ದೂರದಿಂದಲೇ ಕಾಣುತ್ತೆ. ಜರ್ಮನ್ ಟ್ಯಾಂಕುಗಳು ಮೊದಲು ದೂರದಿಂದಲೇ ಸಿಬ್ಬಂದಿಯನ್ನು ಹೊಡೆದು, ಆಮೇಲೆ ಮುಂದೆ ಬರುತ್ತಿದ್ದವು.

ಲಾಯದಾಳು: ಅಂದರೆ ರೆಜಿಮೆಂಟಿನ ಕಥೆ ಅಲ್ಲಿಗೇ ಮುಗೀತಾ?

ಮರಳುದಿಬ್ಬ: ಇಲ್ಲ. ಉಳಿದವರಿಂದ 7ನೇ ಮೀಡಿಯಂ (ಮಧ್ಯಮ ಫಿರಂಗಿಗಳ) ರೆಜಿಮೆಂಟಿನಲ್ಲಿ 107ನೇ ಬ್ಯಾಟರಿ, ಅಂದರೆ ಫಿರಂಗಿ ತುಕಡಿ, ಕಟ್ಟಿದರು. 1944ರ ಹೊತ್ತಿಗೆ ಅದು ಮತ್ತೆ 107ನೇ ಮೀಡಿಯಂ ರೆಜಿಮೆಂಟಾಗಿ ಯುರೋಪಿನಲ್ಲಿ ಹೋರಾಡಿತು.