ಒಂದೇ ಕೈ, ಒಂದೇ ನರ, ತದ್ವಿರುದ್ಧ ಫಲಿತಾಂಶ: ಮೀಡಿಯನ್ ನರದ ಪ್ರಚೋದನಶೀಲತೆ ಅಳೆಯುವಾಗಿನ ಸಮಸ್ಯೆ

ಎಳೆನರ:
ಮೂರು ವಾರಗಳಿಂದ ಇದೇ ತೊಡಕಿನಲ್ಲಿ ಸಿಲುಕಿದ್ದೇನೆ. ಮಣಿಕಟ್ಟಿನಲ್ಲಿ ಮೀಡಿಯನ್ ನರವನ್ನು ಪ್ರಚೋದಿಸಿ, ಹೆಬ್ಬೆರಳ ಬುಡದ ಸ್ನಾಯುವಿನ ಪ್ರತಿಕ್ರಿಯೆಯನ್ನು ದಾಖಲಿಸುತ್ತಿದ್ದೇನೆ. ಗರಿಷ್ಠ ಪ್ರತಿಕ್ರಿಯೆಯ 40% ಅನ್ನು ಗುರಿಯಾಗಿಟ್ಟು ಥ್ರೆಶೋಲ್ಡ್ ಟ್ರ್ಯಾಕಿಂಗ್ (ಅಷ್ಟು ಪ್ರತಿಕ್ರಿಯೆಗೆ ಬೇಕಾಗುವ ಪ್ರವಾಹವನ್ನು, ಅಂದರೆ ಥ್ರೆಶೋಲ್ಡನ್ನು, ಸತತವಾಗಿ ಅಳೆಯುವುದು) ನಡೆಸುತ್ತೇನೆ. ಮೊದಲ ಸುತ್ತಿನಲ್ಲಿ ರಿಫ್ರಾಕ್ಟರಿ ಅವಧಿ (ಒಮ್ಮೆ ಕೆರಳಿದ ನರ ಮತ್ತೆ ಕೆರಳಲು ಹೆಚ್ಚು ಪ್ರವಾಹ ಬೇಡುವ ಹೊತ್ತು) 4.2 ಮಿಲಿಸೆಕೆಂಡಿಗೆ ಹಿಗ್ಗಿತ್ತು, ಅದರ ನಂತರದ ಸೂಪರ್‌ಎಕ್ಸೈಟಬಿಲಿಟಿ (ನರ ಮಾಮೂಲಿಗಿಂತ ಸುಲಭವಾಗಿ ಕೆರಳುವ ಸ್ಥಿತಿ) ಕೇವಲ 11% ಇತ್ತು. ಎಲೆಕ್ಟ್ರೋಡನ್ನು ಹೊಸದಾಗಿ ಅಂಟಿಸಿ ಮತ್ತೆ ಅಳೆದರೆ ಅದೇ ಕೈಯಲ್ಲಿ 3.1 ಮಿಲಿಸೆಕೆಂಡ್, 31%. ರೆಸಿಸ್ಟರ್ ಜೋಡಿಸಿ ಸ್ಟಿಮ್ಯುಲೇಟರನ್ನು ಪರೀಕ್ಷಿಸಿದ್ದೇನೆ, ದೋಷವಿಲ್ಲ. ದಯವಿಟ್ಟು ದಾರಿ ತೋರಿಸಿ.

ಶಾಖಮಾಪಕ:
ಚರ್ಮದ ಉಷ್ಣತೆ ಎಷ್ಟಿತ್ತೆಂದು ನೀವು ಬರೆದೇ ಇಲ್ಲ. ಕೈ ತಣ್ಣಗಾದರೆ ಸೋಡಿಯಂ ಚಾನೆಲ್‌ಗಳು (ನರದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಹಾಯುವ ದ್ವಾರಗಳು) ನಿಷ್ಕ್ರಿಯ ಸ್ಥಿತಿಯಿಂದ ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ, ರಿಫ್ರಾಕ್ಟರಿ ಅವಧಿ ಹಿಗ್ಗುತ್ತದೆ. 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಯಾವ ದಾಖಲೆಯನ್ನೂ ನಾನು ನಂಬುವುದಿಲ್ಲ.

ಎಳೆನರ:
29.5 ಡಿಗ್ರಿ ಇತ್ತು. ಆದರೆ ಎರಡೂ ಸುತ್ತುಗಳಲ್ಲಿ ಅಷ್ಟೇ ಇತ್ತು.

ಶಾಖಮಾಪಕ:
ಹಾಗಾದರೆ ಉತ್ತರ ಸಿಕ್ಕಿತು. ಕೈಯನ್ನು ಬೆಚ್ಚಗೆ ಮಾಡಿ. ನಾವು ಅಂಗೈ ಮತ್ತು ಮಣಿಕಟ್ಟು ಎರಡರಲ್ಲೂ ಸಂವೇದಕ ಇಟ್ಟು, ದೀಪದ ಶಾಖವನ್ನು ತಾನಾಗಿಯೇ ಹೊಂದಿಸಿಕೊಳ್ಳುವ ವ್ಯವಸ್ಥೆ ಮಾಡಿಕೊಂಡಿದ್ದೇವೆ. ಇಡೀ ಸುತ್ತಿನಲ್ಲಿ ಅರ್ಧ ಡಿಗ್ರಿಯೂ ಆಚೀಚೆ ಆಗುವುದಿಲ್ಲ.

ತಂತುವೀಕ್ಷಕ:
ಉಷ್ಣತೆ ಒಂದೇ ಇದ್ದಾಗ ಫಲಿತಾಂಶ ಬದಲಾಗಿದ್ದಕ್ಕೆ ಉಷ್ಣತೆಯೇ ಕಾರಣ ಎನ್ನುವುದು ಹೇಗೆ? ನನಗೆ ಚರ್ಮದ ಪ್ರತಿರೋಧದ ಮೇಲೆ ಅನುಮಾನ. ಎಲೆಕ್ಟ್ರೋಡ್ ಬದಲಿಸಿದ ಮೇಲೆಯೇ ವ್ಯತ್ಯಾಸ ಕಂಡಿದೆಯಲ್ಲವೇ? ಸ್ಟ್ರೆಂಗ್ತ್-ಡ್ಯುರೇಶನ್ ಅಳತೆಯಲ್ಲಿ (ಪ್ರಚೋದನೆಯ ಅವಧಿ ಬದಲಿಸಿದಂತೆ ಎಷ್ಟು ಪ್ರವಾಹ ಬೇಕೆಂಬ ಅಳತೆ) ಕ್ರೊನಾಕ್ಸಿ ಎಷ್ಟು ಬಂತೆಂದು ತಿಳಿಸಿ.

ವಕ್ರರೇಖೆ:
ಸ್ಥಿರ ವಿದ್ಯುತ್ ಪ್ರವಾಹ ಕೊಡುವ ಸ್ಟಿಮ್ಯುಲೇಟರ್ ತನ್ನ ವೋಲ್ಟೇಜ್ ಮಿತಿಯನ್ನು ಮುಟ್ಟುವವರೆಗೆ ಚರ್ಮದ ಪ್ರತಿರೋಧವನ್ನು ಲೆಕ್ಕಿಸುವುದಿಲ್ಲ. ಇನ್ನು, ಇಲ್ಲಿ ಕೇಳಬೇಕಾದದ್ದು ಆ ಅಳತೆಯ ಕಾಲ ಸ್ಥಿರಾಂಕವನ್ನೇ ಹೊರತು ಕ್ರೊನಾಕ್ಸಿಯನ್ನಲ್ಲ.

ತಂತುವೀಕ್ಷಕ:
1901ರ ವೈಸ್ ಸೂತ್ರದಂತೆ ಎರಡೂ ಒಂದೇ. ವಿದ್ಯುದಂಶವು ಪ್ರಚೋದನೆಯ ಅವಧಿಯೊಂದಿಗೆ ಸರಳರೇಖೆಯಲ್ಲಿ ಏರುತ್ತದೆಂದು ಒಪ್ಪಿದರೆ, ರಿಯೋಬೇಸ್‌ನ (ಎಷ್ಟೇ ಹೊತ್ತು ಕೊಟ್ಟರೂ ನರ ಕೆರಳಲು ಬೇಕಾಗುವ ಕನಿಷ್ಠ ಪ್ರವಾಹ) ಎರಡರಷ್ಟು ಪ್ರವಾಹ ಬೇಕಾಗುವ ಅವಧಿಯೇ, ಅಂದರೆ ಕ್ರೊನಾಕ್ಸಿಯೇ, ಆ ಸ್ಥಿರಾಂಕವಾಗುತ್ತದೆ.

ವಕ್ರರೇಖೆ:
ಲಾಪಿಕ್‌ನ ಘಾತೀಯ ಸಮೀಕರಣದಲ್ಲಿ ಕ್ರೊನಾಕ್ಸಿ ಸ್ಥಿರಾಂಕದ 0.693 ಪಟ್ಟು ಮಾತ್ರ. ಯಾವ ಸೂತ್ರವೆಂದು ಹೇಳದೆ ಸಂಖ್ಯೆ ಕೊಟ್ಟರೆ ಓದುವವರು ದಾರಿ ತಪ್ಪುತ್ತಾರೆ, ನನ್ನ ಆಕ್ಷೇಪ ಇಷ್ಟೇ. ಎಳೆನರ ಅವರೇ, ನಿಮ್ಮ ಥ್ರೆಶೋಲ್ಡ್ ಎಲೆಕ್ಟ್ರೋಟೋನಸ್ (ದೀರ್ಘ, ದುರ್ಬಲ ಪ್ರವಾಹ ಹರಿಸಿದಾಗ ಥ್ರೆಶೋಲ್ಡ್ ಬದಲಾಗುವ ರೇಖೆಗಳು) ಹೇಗಿದೆ? ಅಳತೆ ನಡೆಯುತ್ತಿರುವಾಗ ಥ್ರೆಶೋಲ್ಡ್ ಸ್ಥಿರವಾಗಿತ್ತೇ?

ಎಳೆನರ:
ಮೊದಲ ಸುತ್ತಿನಲ್ಲಿ ಎರಡೂ ಕಡೆಯ ರೇಖೆಗಳು ನಡುವಿನತ್ತ ಕುಗ್ಗಿದ್ದವು, ಎರಡನೆಯದರಲ್ಲಿ ಬೀಸಣಿಗೆಯಂತೆ ಅಗಲವಾಗಿ ಬಿಚ್ಚಿಕೊಂಡಿದ್ದವು. ಥ್ರೆಶೋಲ್ಡ್ ಮೊದಲು 6 ಮಿಲಿಆಂಪಿಯರ್‌ನಿಂದ 5ಕ್ಕೆ ಇಳಿಯಿತು, ಎರಡನೆಯ ಸುತ್ತು ಶುರುವಾದಾಗ 7.5ಕ್ಕೆ ಏರಿತ್ತು. ಎಲೆಕ್ಟ್ರೋಡ್ ಸ್ವಲ್ಪ ಸರಿದಿರಬಹುದೆಂದು ಅದನ್ನು ಬಿಟ್ಟುಬಿಟ್ಟೆ.

ವಕ್ರರೇಖೆ:
ಇದನ್ನು ಮೊದಲೇ ಬರೆಯಬೇಕಿತ್ತು. ತಂಪಿನ ಏಟು ಮುಖ್ಯವಾಗಿ ಬೀಳುವುದು ರಿಫ್ರಾಕ್ಟರಿ ಅವಧಿಯ ಮೇಲೆ. ಥ್ರೆಶೋಲ್ಡ್ ಇಳಿದು, ಸೂಪರ್‌ಎಕ್ಸೈಟಬಿಲಿಟಿ ತಗ್ಗಿ, ಎಲೆಕ್ಟ್ರೋಟೋನಸ್ ಒಳಕ್ಕೆ ಕುಗ್ಗುವುದೆಲ್ಲ ಒಟ್ಟಿಗೆ ಕಂಡರೆ ಅದು ಆಕ್ಸಾನ್ (ನರತಂತು) ಡಿಪೋಲರೈಸ್ ಆಗಿರುವುದರ, ಅಂದರೆ ಅದರ ಪೊರೆಯ ಒಳಗಿನ ಋಣ ವೋಲ್ಟೇಜ್ ತಗ್ಗಿರುವುದರ ಗುರುತು. ಎರಡನೆಯ ಸುತ್ತಿನಲ್ಲಿ ಅದು ಹೈಪರ್‌ಪೋಲರೈಸ್ ಆಗಿದೆ, ಅಂದರೆ ಆ ಋಣ ವೋಲ್ಟೇಜ್ ಮಾಮೂಲಿಗಿಂತ ಹೆಚ್ಚಿದೆ. ರಕ್ತದ ಹರಿವು ತಡೆದು ಆಮೇಲೆ ಬಿಟ್ಟರೆ ಹೀಗೆಯೇ ಆಗುತ್ತದೆ. ಕೈಯನ್ನು ಯಾವುದರಿಂದ ಕಟ್ಟಿದ್ದಿರಿ?

ಎಳೆನರ:
ಕೈ ಅಲುಗದಂತೆ ಮುಂದೋಳಿಗೆ ಅಗಲವಾದ ವೆಲ್ಕ್ರೋ ಪಟ್ಟಿ ಬಿಗಿಯುತ್ತೇನೆ. ಇದು ಹೇಳಬೇಕಾದ ಸಂಗತಿ ಎಂದು ನನಗೆ ಅನ್ನಿಸಲೇ ಇಲ್ಲ. ಎಲೆಕ್ಟ್ರೋಡ್ ಬದಲಿಸಲು ಅದನ್ನು ಬಿಚ್ಚಿದಾಗ ಪಟ್ಟಿಯ ಹೊಲಿಗೆಯ ಗುರುತು ಚರ್ಮದ ಮೇಲೆ ಸಾಲಾಗಿ ಮೂಡಿತ್ತು. ಬೆರಳುಗಳು ಜೋಮು ಹಿಡಿದಿವೆ ಎಂದು ಸ್ವಯಂಸೇವಕರು ಹೇಳಿದ್ದರು. ಬಿಚ್ಚಿದ ಮೇಲೆ ಜುಮುಗುಟ್ಟುತ್ತಿವೆ ಎಂದೂ ಹೇಳಿದರು. ಅದು ಪ್ರಚೋದನೆಯ ಪರಿಣಾಮವೆಂದೇ ತಿಳಿದಿದ್ದೆ. ಅವರ ಮಾತಿಗೆ ಕಿವಿಗೊಡದೆ ಹೋದೆನಲ್ಲ ಎಂದು ನಿಜಕ್ಕೂ ನೋವಾಗುತ್ತಿದೆ.

ವಕ್ರರೇಖೆ:
ರಕ್ತ ಸಾಲದಾದಾಗ ಸೋಡಿಯಂ-ಪೊಟ್ಯಾಸಿಯಂ ಪಂಪು ಸೊರಗುತ್ತದೆ, ಆಕ್ಸಾನ್‌ನ ಹೊರಗೆ ಪೊಟ್ಯಾಸಿಯಂ ಸೇರಿಕೊಳ್ಳುತ್ತದೆ. ಪಟ್ಟಿ ಬಿಚ್ಚಿದೊಡನೆ ಅದೇ ಪಂಪು ಬಿರುಸಾಗಿ ದುಡಿದು, ಪ್ರತಿ ಬಾರಿ ಮೂರು ಸೋಡಿಯಂ ಅಯಾನುಗಳನ್ನು ಹೊರಹಾಕಿ ಎರಡು ಪೊಟ್ಯಾಸಿಯಂ ಅಯಾನುಗಳನ್ನಷ್ಟೇ ಒಳಗೆಳೆಯುವುದರಿಂದ, ಪೊರೆಯ ವೋಲ್ಟೇಜನ್ನು ಮಾಮೂಲಿಗಿಂತ ಕೆಳಕ್ಕೆ ಒಯ್ಯುತ್ತದೆ. ಪಟ್ಟಿ ಬಿಟ್ಟು ಮೆತ್ತನೆಯ ದಿಂಬಿನ ಮೇಲೆ ಕೈ ಇರಿಸಿ, ಥ್ರೆಶೋಲ್ಡ್ ಒಂದೆಡೆ ನಿಂತ ಮೇಲೆಯೇ ಅಳತೆ ಆರಂಭಿಸಿ.

ಎಳೆನರ:
ಇಂದು ಪಟ್ಟಿಯಿಲ್ಲದೆ ಅಳೆದೆ. ಎರಡು ಸುತ್ತುಗಳಲ್ಲಿ ಸೂಪರ್‌ಎಕ್ಸೈಟಬಿಲಿಟಿ 23% ಮತ್ತು 24%. ಆದರೆ ರಿಫ್ರಾಕ್ಟರಿ ಅವಧಿ ಇನ್ನೂ 3.6 ಮಿಲಿಸೆಕೆಂಡ್ ಇದೆ.

ಶಾಖಮಾಪಕ:
ಅಷ್ಟು ಉಷ್ಣತೆಯದೇ. ಕೈ ಬೆಚ್ಚಗೆ ಮಾಡಿ ಎಂದು ಮತ್ತೊಮ್ಮೆ ಹೇಳುತ್ತೇನೆ.

ಎಳೆನರ:
ಒಪ್ಪಿದೆ. 32.5 ಡಿಗ್ರಿಗೆ ತಂದ ಮೇಲೆ 3.0 ಬಂತು. ಸುತ್ತುಗಳ ನಡುವೆ ಸ್ವಯಂಸೇವಕರಿಗೆ ಮುಷ್ಟಿ ಬಿಗಿದು ಬಿಚ್ಚಲು ಹೇಳಬಹುದೇ?

ವಕ್ರರೇಖೆ:
ಬೇಡ. ಬಲವಾಗಿ ಸ್ನಾಯು ಬಿಗಿದರೆ ಆ ಚಟುವಟಿಕೆಯೇ ಆಕ್ಸಾನ್‌ಗಳನ್ನು ಹೈಪರ್‌ಪೋಲರೈಸ್ ಮಾಡುತ್ತದೆ. ಕೈ ಸಡಿಲವಾಗಿರಲಿ, ಜೋಮು ಹಿಡಿದರೆ ಒಡನೆಯೇ ತಿಳಿಸಲು ಅವರಿಗೆ ಹೇಳಿರಿ.