ನೈತಿಕ ನಿಯಮ ಸ್ವಭಾವದಲ್ಲೇ ಇದ್ದರೆ ಸ್ವಾತಂತ್ರ್ಯ ಎಲ್ಲಿ? ಆಲೆಮನೆ ಉದಾಹರಣೆ ಸರಿಯೇ?

ಗಂಗೋತ್ರಿ_ಎಂಎ
ತತ್ವಶಾಸ್ತ್ರದ ಸೆಮಿನಾರಿಗೆ ಕಥೋಲಿಕ ನೀತಿಚಿಂತನೆ ಎತ್ತಿಕೊಂಡಿದ್ದೇನೆ. ಎರಡು ಕಡೆ ಗಂಟು ಬಿಚ್ಚುತ್ತಿಲ್ಲ. ಒಂದು, ನೈತಿಕ ನಿಯಮ ಮನುಷ್ಯನ ಸ್ವಭಾವದಲ್ಲೇ ಇದೆ ಅಂದಮೇಲೆ ಅವನು ಸ್ವತಂತ್ರ ಹೇಗೆ? ಇನ್ನೊಂದು, ತಪ್ಪು ತಿಳಿದ ಮನಸ್ಸಾಕ್ಷಿಯನ್ನೂ ಮೀರಬಾರದು ಅನ್ನುತ್ತಾರೆ. ಹಾಗಾದರೆ ನಿಯಮಕ್ಕೆ ಏನು ಕೆಲಸ?

ಬರೀ ಸಿದ್ಧಾಂತ ಹೇಳಿದರೆ ತರಗತಿಯಲ್ಲಿ ಯಾರೂ ಕಿವಿಗೊಡಲ್ಲ. ಅದಕ್ಕೆ ಮಂಡ್ಯದ ಕಡೆಯ ಒಂದು ಉದಾಹರಣೆ ಕಟ್ಟಿದ್ದೇನೆ. ಬೆಲ್ಲಕ್ಕೆ ಹಳದಿ ಬಣ್ಣ ಬರಲಿ ಅಂತ ಕೊಪ್ಪರಿಗೆಗೆ ಹೈಡ್ರೋಸ್ ಪುಡಿ (ಬಣ್ಣ ತಿಳಿ ಮಾಡುವ ರಾಸಾಯನಿಕ) ಹಾಕು ಅನ್ನುತ್ತಾನೆ ಆಲೆಮನೆ ಮಾಲೀಕ. ಹಾಕದಿದ್ದರೆ ನಾಳೆಯಿಂದ ಕೂಲಿ ಇಲ್ಲ. ಕೂಲಿಯವನು ಹಾಕುತ್ತಾನೆ. ಇದು ಅವನು ಸ್ವತಂತ್ರನಾಗಿ ಮಾಡಿದ್ದೇ? ಪಾಪ ಎಷ್ಟರಮಟ್ಟಿಗೆ? ಗೊತ್ತಿರುವವರು ಬಿಡಿಸಿ ಹೇಳಿ.

ಬನ್ನಿಮಂಟಪದ_ಓದುಗ
ಮೊದಲ ಗಂಟಿಗೆ ನನ್ನ ಉತ್ತರ. 13ನೇ ಶತಮಾನದ ಕಥೋಲಿಕ ಚಿಂತಕ ಥಾಮಸ್ ಅಕ್ವಿನಾಸರ ‘ಸುಮ್ಮಾ ತಿಯೋಲಾಜಿಯಾ’ ಗ್ರಂಥದ ಎರಡನೇ ಭಾಗದ ಮೊದಲರ್ಧದಲ್ಲಿ 94ನೇ ಪ್ರಶ್ನೆಗೆ ಎಲ್ಲರೂ ನೇರ ಹಾರುತ್ತಾರೆ, ಎಡವುವುದೂ ಅಲ್ಲೇ. 90ರಿಂದ ಓದಿ. ನಿಯಮ ಅಂದರೆ ಏನು ಅಂತ ಅಲ್ಲಿದೆ: ಅದು ವಿವೇಕದ ಕಟ್ಟಳೆ, ಎಲ್ಲರ ಹಿತಕ್ಕಾಗಿ ಇರಬೇಕು, ಸಮುದಾಯದ ಹೊಣೆ ಹೊತ್ತವರಿಂದ ಬರಬೇಕು, ಸಾರಿ ತಿಳಿಸಿರಬೇಕು. 91ರಲ್ಲಿ, ದೇವರ ಶಾಶ್ವತ ನಿಯಮದಲ್ಲಿ ವಿವೇಕವುಳ್ಳ ಜೀವಿಗಿರುವ ಪಾಲೇ ಸಹಜ ನಿಯಮ ಅನ್ನುತ್ತಾರೆ. ಕಲ್ಲು ಕೆಳಗೆ ಬೀಳುವಂತೆ ತಾನಾಗಿ ನಡೆದುಹೋಗುವ ಸಂಗತಿ ಅಲ್ಲ ಇದು. ತಿಳಿದು, ತೂಗಿ ನಡೆಯುವುದು.

ಈಗ 94ರ 2ನೇ ವಿಧಿ (ಪ್ರಶ್ನೆಯೊಳಗಿನ ಉಪವಿಭಾಗ). ಒಳ್ಳೆಯದನ್ನು ಮಾಡಬೇಕು, ಕೆಟ್ಟದ್ದನ್ನು ಬಿಡಬೇಕು ಅನ್ನುವುದು ಮೂಲ. ಅದರ ಕೆಳಗೆ ಒಲವುಗಳ ಮೂರು ಮಜಲು: ಬದುಕಿ ಉಳಿಯುವುದು ಎಲ್ಲಕ್ಕೂ ಇದೆ, ಸಂತಾನ, ಮಕ್ಕಳ ಪೋಷಣೆ ಪ್ರಾಣಿಗೂ ಇದೆ, ದೇವರ ಬಗ್ಗೆ ಸತ್ಯ ತಿಳಿಯುವುದು, ಸಮಾಜದಲ್ಲಿ ಬಾಳುವುದು ಮನುಷ್ಯನಿಗೆ ಮಾತ್ರ. ಒಲವೇ ನಿಯಮ ಅಂತ ಬರೆದುಬಿಡಬೇಡಿ. ಕೋಪವೂ ಸಹಜವೇ ಅಲ್ಲವಾ ಅಂತ ಮುಂದಿನ ಬೆಂಚಿನವನು ಕೇಳಿದರೆ ಅಲ್ಲಿಗೆ ಮುಗಿಯಿತು. ಒಲವುಗಳನ್ನು ವಿವೇಕ ಒಪ್ಪ ಮಾಡಿದಾಗ ಹುಟ್ಟುವುದು ನಿಯಮ.

ಸ್ವಾತಂತ್ರ್ಯದ ವಿಷಯ ಬೇರೆ ಕಡೆ ಇದೆ. ಮೊದಲ ಭಾಗದ 83ನೇ ಪ್ರಶ್ನೆಯಲ್ಲಿ ಕುರಿ ತೋಳವನ್ನು ಕಂಡು ಓಡುತ್ತದೆ. ಅದಕ್ಕೂ ಒಂದು ಬಗೆಯ ನಿರ್ಣಯ ಇದೆ, ಆದರೆ ಹೋಲಿಸಿ ನೋಡಿ ಮಾಡಿದ್ದಲ್ಲ. ಮನುಷ್ಯನ ಇಚ್ಛೆ ತಪ್ಪಿಸಿಕೊಳ್ಳಲಾಗದೆ ಬಯಸುವುದು ಪೂರ್ಣ ಸುಖವೊಂದನ್ನೇ. ಉಳಿದ ಯಾವ ಒಳಿತಿನಲ್ಲೂ ಏನೋ ಒಂದು ಕೊರತೆ ಕಾಣಬಹುದು, ಆದ್ದರಿಂದ ಅದನ್ನು ಬೇಡ ಅನ್ನಲೂ ಬಹುದು. ಗುರಿ ಸ್ವಭಾವದಿಂದ ಬಂದದ್ದು, ದಾರಿ ಆಯ್ಕೆಯದ್ದು. ಗಂಟು ಬಿಚ್ಚುವುದು ಇಲ್ಲೇ.

ಮಂಡ್ಯ_ವಿಚಾರಿ
ಉದಾಹರಣೆ ಚೆನ್ನಾಗಿದೆ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೀರಿ. ಕಥೋಲಿಕ ಧರ್ಮೋಪದೇಶದ (ಚರ್ಚಿನ ಬೋಧನೆಯ ಅಧಿಕೃತ ಗ್ರಂಥ, 1992) 1750ನೇ ಸಂಖ್ಯೆ ಹಿಡಿದುಕೊಳ್ಳಿ. ಯಾವುದೇ ಕೆಲಸವನ್ನು ಮೂರು ಕಡೆಯಿಂದ ನೋಡಬೇಕು: ಮಾಡಿದ್ದು ಏನು, ಯಾಕೆ, ಯಾವ ಸಂದರ್ಭದಲ್ಲಿ.

ಮೊದಲನೆಯದರಲ್ಲೇ ತಪ್ಪುವವರು ಹೆಚ್ಚು. ‘ಕೊಪ್ಪರಿಗೆಗೆ ಪುಡಿ ಹಾಕಿದ’ ಅಂತ ಬರೆದರೆ ಅದು ಕೈಯಾಡಿಸಿದ್ದರ ವರ್ಣನೆ ಅಷ್ಟೆ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಹಾಕುತ್ತಾರೆ, ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಕೈ ಆಡುವುದು ಒಂದೇ ರೀತಿ, ಆದರೆ ಅದು ಕಸುಬು. ಹೈಡ್ರೋಸ್ ಬಣ್ಣ ತಿಳಿ ಮಾಡುತ್ತದೆ, ಗಂಧಕದ ಅಂಶ ಬೆಲ್ಲದಲ್ಲಿ ಉಳಿಯುತ್ತದೆ, ಕೊಳ್ಳುವವನು ಬಣ್ಣ ನೋಡಿ ಒಳ್ಳೆ ಮಾಲು ಅಂದುಕೊಳ್ಳುತ್ತಾನೆ. ಆದ್ದರಿಂದ ‘ಮಾಡಿದ್ದು ಏನು’ ಅಂದರೆ ಕೊಳ್ಳುವವನಿಗೆ ಮೋಸ. 1993ರ ‘ವೆರಿತಾತಿಸ್ ಸ್ಪ್ಲೆಂಡೋರ್’ ಪತ್ರದ 78ನೇ ಸಂಖ್ಯೆಯಲ್ಲಿ ಪೋಪ್ ಎರಡನೇ ಜಾನ್ ಪೌಲರು ಹೇಳುವುದೂ ಇದನ್ನೇ: ಕೃತ್ಯದ ವಿಷಯವನ್ನು ಮಾಡುವವನ ಆಯ್ಕೆಯ ಕಡೆಯಿಂದ ನೋಡಬೇಕು, ಹೊರಗೆ ಕಾಣುವ ಭೌತಿಕ ಕ್ರಿಯೆಯಾಗಿ ಅಲ್ಲ. ಮಕ್ಕಳ ಫೀಸಿಗೆ ಕೂಲಿ ಬೇಕಿತ್ತು, ಅದಕ್ಕೇ ಹಾಕಿದೆ ಅಂತ ಕೂಲಿಯವನು ಹೇಳಿದರೆ ಅದು ‘ಯಾಕೆ’ಯ ಲೆಕ್ಕಕ್ಕೆ ಸೇರುತ್ತದೆ. ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಮೋಸ ಒಳ್ಳೆಯದಾಗಲ್ಲ.

ಭಯ? ಇದಕ್ಕೆ ಅಕ್ವಿನಾಸರ ಉತ್ತರ ‘ಸುಮ್ಮಾ’ದ ಎರಡನೇ ಭಾಗದ ಮೊದಲರ್ಧದ 6ನೇ ಪ್ರಶ್ನೆ, 6ನೇ ವಿಧಿಯಲ್ಲಿದೆ. ಬಿರುಗಾಳಿಯಲ್ಲಿ ಸರಕನ್ನು ಸಮುದ್ರಕ್ಕೆ ಎಸೆಯುವವನು ಆ ಗಳಿಗೆಯಲ್ಲಿ ಬೇಕೆಂದೇ ಎಸೆಯುತ್ತಾನೆ, ಬೇರೆ ಹೊತ್ತಿನಲ್ಲಾದರೆ ಎಸೆಯುತ್ತಿರಲಿಲ್ಲ. ಕೂಲಿಯವನದೂ ಹಾಗೆಯೇ: ಕೆಲಸ ಅವನದೇ, ಹೊಣೆ ಮಾತ್ರ ತಗ್ಗುತ್ತದೆ. ಅಜ್ಞಾನ, ಬಲವಂತ, ಭಯ, ಅಭ್ಯಾಸ ಇವೆಲ್ಲ ಹೊಣೆಯನ್ನು ತಗ್ಗಿಸಬಹುದು, ಕೆಲವೊಮ್ಮೆ ಪೂರ್ತಿ ತೆಗೆಯಲೂಬಹುದು ಅಂತ ಧರ್ಮೋಪದೇಶದ 1735ರಲ್ಲಿದೆ. ಮಾರಕ ಪಾಪಕ್ಕೆ (ದೇವರೊಂದಿಗಿನ ನಂಟನ್ನೇ ಕಡಿಯುವ ಪಾಪ) ಗಂಭೀರ ವಿಷಯ, ಪೂರ್ಣ ಅರಿವು, ಮನಃಪೂರ್ವಕ ಸಮ್ಮತಿ ಮೂರೂ ಬೇಕು (1857). ಅದು ಯಾವ ಪುಡಿ ಅಂತಲೇ ತಿಳಿಯದವನಿಗೆ ಎರಡನೆಯದೇ ಇಲ್ಲ.

ಇನ್ನು ಒಲೆಗೆ ಕಬ್ಬಿನ ಸಿಪ್ಪೆ ಒಟ್ಟುವವನನ್ನು ನೀವು ಮರೆತಿದ್ದೀರಿ. ಅವನಿಗೂ ಗೊತ್ತು, ಕೂಲಿ ಅವನೂ ತಗೊಳ್ಳುತ್ತಾನೆ. ಕಥೋಲಿಕ ನೀತಿಚಿಂತಕ ಅಲ್ಫಾನ್ಸುಸ್ ಲಿಗೋರಿ (1696–1787) ಮಾಡಿದ ವಿಭಾಗ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೆಡುಕಿನ ಇಚ್ಛೆಯಲ್ಲೇ ಪಾಲುಗೊಂಡರೆ ಅದು ಯಾವತ್ತೂ ತಪ್ಪು. ಇಚ್ಛೆ ಇಲ್ಲದೆ ಕೆಲಸದಲ್ಲಿ ಮಾತ್ರ ನೆರವಾದರೆ ತಕ್ಕ ಕಾರಣ ಇದ್ದಾಗ ಸಹಿಸಬಹುದು: ನೆರವು ಎಷ್ಟು ಹತ್ತಿರದ್ದು, ಅವನಿಲ್ಲದೆಯೂ ಅದು ನಡೆಯುತ್ತಿತ್ತೇ, ಬಿಟ್ಟರೆ ಅವನಿಗೆ ಆಗುವ ನಷ್ಟ ಎಷ್ಟು ಅಂತ ನೋಡಿ. ಉರಿ ಹಾಕುವವನು ಈ ಎರಡನೇ ಸಾಲಿಗೆ ಬರಬಹುದು. ಪುಡಿ ಹಾಕುವವನು ‘ನನಗೆ ಮನಸ್ಸಿರಲಿಲ್ಲ’ ಅಂದರೆ ಅಷ್ಟು ಸುಲಭಕ್ಕೆ ಒಪ್ಪಲ್ಲ, ಮೋಸದ ಕೈಯೇ ಅವನದು.

ಕಾವೇರಿ_ತೀರ
ಮನಸ್ಸಾಕ್ಷಿಯ ಗಂಟು ಇನ್ನೂ ಉಳಿದಿದೆಯಲ್ಲ. ‘ಸುಮ್ಮಾ’ದ ಎರಡನೇ ಭಾಗದ ಮೊದಲರ್ಧದಲ್ಲೇ 19ನೇ ಪ್ರಶ್ನೆಯ 5 ಮತ್ತು 6ನೇ ವಿಧಿ ಒಟ್ಟಿಗೇ ಓದಬೇಕು, ಒಂದನ್ನೇ ಓದಿದವರು ಜಗಳ ಆಡುತ್ತಾರೆ. ತಪ್ಪು ತಿಳಿದ ಮನಸ್ಸಾಕ್ಷಿಯೂ ಕಟ್ಟಿಹಾಕುತ್ತದೆ ಅನ್ನುವುದು 5ನೆಯದು. ಅದರಂತೆ ನಡೆದರೆ ದೋಷವಿಲ್ಲವೇ ಅನ್ನುವುದು 6ನೆಯದು, ಉತ್ತರ: ಆ ಅಜ್ಞಾನ ಯಾರ ತಪ್ಪು ಅನ್ನುವುದರ ಮೇಲೆ. ಪುಡಿ ಡಬ್ಬದ ಲೇಬಲ್ ಓದಬಲ್ಲವನು ಬೇಕೆಂದೇ ಓದದಿದ್ದರೆ ಅವನ ಅಜ್ಞಾನ ರಕ್ಷಣೆಗೆ ಬರಲ್ಲ. ನಿಯಮಕ್ಕೆ ಕೆಲಸ ಇರುವುದು ಇಲ್ಲಿಯೇ: ಮನಸ್ಸಾಕ್ಷಿ ತೀರ್ಪು ಕೊಡುತ್ತದೆ, ಕಾನೂನು ಮಾಡಲ್ಲ. ಸಂಶಯ ಇದ್ದರೆ ಕೈ ಹಾಕುವ ಮುಂಚೆಯೇ ವಿಚಾರಿಸಬೇಕು.

ಎರಡನೇ ವ್ಯಾಟಿಕನ್ ಮಹಾಸಭೆಯ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯನ್ನು (1965, ಡಿಸೆಂಬರ್ 7) ಇದಕ್ಕೆ ಬೆರೆಸಬೇಡಿ. ಅದು ನಂಬಿಕೆಯ ವಿಷಯದಲ್ಲಿ ಬಲವಂತ ಕೂಡದು ಅನ್ನುತ್ತದೆ. ಸತ್ಯ ಹುಡುಕುವ ಹೊಣೆ ಹಾಗೇ ಇರುತ್ತದೆ.

ಬನ್ನಿಮಂಟಪದ_ಓದುಗ
ಒಂದು ಸೇರಿಸುತ್ತೇನೆ. ಇದನ್ನು ನಮ್ಮ ಸ್ವಧರ್ಮಕ್ಕೆ ಸಮ ಮಾಡಬೇಡಿ, ಸೆಮಿನಾರುಗಳಲ್ಲಿ ಅದು ಚಟವಾಗಿದೆ. ಇಲ್ಲಿ ನಿಯಮ ಎಲ್ಲ ಮನುಷ್ಯರಿಗೂ ಒಂದೇ. ಜನ್ಮಪಾಪದ (ಆದಿಮಾನವನಿಂದ ಎಲ್ಲರಿಗೂ ಬಂದದ್ದು ಅನ್ನುವ ಪಾಪ) ಮಾತು ಬಂದರೆ ಟ್ರೆಂಟ್ ಮಹಾಸಭೆ (1547) ನೆನಪಿಡಿ: ಸ್ವತಂತ್ರ ಇಚ್ಛೆ ಕುಗ್ಗಿದೆ, ಅಳಿದಿಲ್ಲ. ವರಪ್ರಸಾದ (ದೇವರ ಕೃಪೆಯ ನೆರವು) ಬೇಕು ಅನ್ನುವುದು ಆ ಕಾರಣಕ್ಕೂ.

ಗಂಗೋತ್ರಿ_ಎಂಎ
ತುಂಬಾ ಉಪಕಾರವಾಯಿತು ಸರ್. ಕೊನೆಯದಾಗಿ, ಆ ಕೂಲಿಯವನು ಪಾದ್ರಿಯ ಮುಂದೆ ಪಾಪನಿವೇದನೆ ಮಾಡಿದರೆ ಅಲ್ಲಿಗೆ ಮುಗಿಯಿತಾ?

ಮಂಡ್ಯ_ವಿಚಾರಿ
ಇಲ್ಲ. ಅನ್ಯಾಯದಿಂದ ಆದ ನಷ್ಟ ತುಂಬಿಕೊಡಬೇಕು (ಧರ್ಮೋಪದೇಶ 2412). ಅಕ್ವಿನಾಸರು ಎರಡನೇ ಭಾಗದ ಉತ್ತರಾರ್ಧದ 62ನೇ ಪ್ರಶ್ನೆಯಲ್ಲಿ ಸರದಿ ಹೇಳಿದ್ದಾರೆ: ಮೊದಲ ಹೊಣೆ ಆಜ್ಞೆ ಮಾಡಿದವನದು, ಅಂದರೆ ಮಾಲೀಕನದು, ಆಮೇಲೆ ಮಾಡಿದವನದು. ಬೆಲ್ಲ ಯಾರ ಮನೆಗೆ ಹೋಯಿತು ಅಂತ ಪತ್ತೆ ಇಲ್ಲದಿದ್ದರೆ ಮೊದಲು ವಿಚಾರಿಸಬೇಕು, ಸಿಗದಿದ್ದರೆ ಅವರ ಹೆಸರಿನಲ್ಲಿ ದಾನ ಕೊಡಬೇಕು. ಕೂಲಿಯವನಿಗೆ ತಲುಪಿದ್ದು ದಿನಗೂಲಿ ಮಾತ್ರ, ಬಣ್ಣದ ಲಾಭವೆಲ್ಲ ಮಾಲೀಕನ ಜೇಬಿಗೆ. ನಿಮ್ಮ ಪ್ರಬಂಧದಲ್ಲಿ ಆ ಎರಡು ಮೊತ್ತವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.